ಮಗುವಿನ ರಕ್ತಕ್ಕೆ ದೊಡ್ಡವರ ಅಳತೆಗೋಲು ಬೇಡ

ರಕ್ತ ಪರೀಕ್ಷೆಯ ವರದಿ ಕೈಗೆ ಬಂದೊಡನೆ ನಾವು ಮೊದಲು ನೋಡುವುದೇನನ್ನು? ಹೆಸರು, ವಯಸ್ಸು ಸರಿಯಾಗಿದೆಯೇ ಎಂದು ನೋಡುವವರು ಕಡಿಮೆ. ಹೆಚ್ಚಿನವರ ಕಣ್ಣು ನೇರವಾಗಿ ಹೋಗುವುದು ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯ ಕಡೆಗೆ ಮತ್ತು ಅದರ ಪಕ್ಕದ ಬಾಣದ ಗುರುತಿನ ಕಡೆಗೆ. ಬಾಣ ಮೇಲಕ್ಕಿದ್ದರೆ ಒಂದು ಭಯ, ಕೆಳಕ್ಕಿದ್ದರೆ ಇನ್ನೊಂದು ಭಯ. ವೈದ್ಯರನ್ನು ಕಾಣುವ ಮೊದಲೇ ಮನೆಯಲ್ಲಿ ತೀರ್ಪು ಹೊರಬಿದ್ದಿರುತ್ತದೆ. ವರದಿ ಮಗುವಿನದ್ದಾದರಂತೂ ಆ ರಾತ್ರಿ ತಾಯಿಗೆ ನಿದ್ದೆಯಿಲ್ಲ.

ನಾನು ಮದ್ರಸದಲ್ಲಿ ಕಲಿತವಳು. ಬಳಿಕ ಬಿ.ಎ. ಮಾಡಿ ಇಪ್ಪತ್ತು ವರ್ಷಗಳಿಂದ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ವಿಜ್ಞಾನ ನನ್ನ ವಿಷಯವಲ್ಲ. ಆದರೆ ನಮ್ಮ ಮನೆಯ ಒಂದು ಮಗು ಮತ್ತು ನನ್ನ ತರಗತಿಯ ಒಬ್ಬ ಹುಡುಗನ ಕಾರಣದಿಂದ ರಕ್ತದಲ್ಲಿರುವ ರೋಗನಿರೋಧಕ ಪ್ರತಿಕಾಯಗಳ ಬಗ್ಗೆ ನಾನು ವೈದ್ಯರನ್ನು ಕೇಳಿ, ಪುಸ್ತಕ ಹುಡುಕಿ ತಿಳಿದುಕೊಳ್ಳಬೇಕಾಯಿತು. ಹಾಗೆ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಯಾವುದಾದರೂ ಮನೆಯ ಅನಗತ್ಯ ಭಯ ಇದರಿಂದ ದೂರವಾಗಬಹುದು. ಅಥವಾ ಯಾವುದಾದರೂ ಮಗುವಿಗೆ ಸಿಗಬೇಕಾದ ಚಿಕಿತ್ಸೆ ಸಕಾಲದಲ್ಲಿ ಸಿಗಬಹುದು.

ಮೊದಲು ಮನೆಯ ಮಗುವಿನ ವಿಷಯ. ನನ್ನ ನಾದಿನಿಯ ಗಂಡು ಮಗುವಿಗೆ ಆಗ ಏಳು ತಿಂಗಳು. ಎರಡು ತಿಂಗಳಲ್ಲಿ ಮೂರು ಬಾರಿ ನೆಗಡಿ, ಒಮ್ಮೆ ಭೇದಿ ಆಗಿತ್ತು. ಯಾರೋ ಸೂಚಿಸಿದರೆಂದು ಪ್ರತಿಕಾಯಗಳ ಪರೀಕ್ಷೆಯನ್ನೂ ಮಾಡಿಸಿದರು. ವರದಿಯಲ್ಲಿ ಐಜಿಜಿ ಎಂಬ ಪ್ರತಿಕಾಯ 390 ಎಂದಿತ್ತು. ಪಕ್ಕದಲ್ಲಿ ‘ಸಾಮಾನ್ಯ ಮಟ್ಟ 700ರಿಂದ 1600’ ಎಂದು ಅಚ್ಚಾಗಿತ್ತು, ಜೊತೆಗೆ ಕೆಳಮುಖ ಬಾಣ. ಅವಳು ಫೋನ್ ಮಾಡಿ, “ಭಾಬಿ, ಮಗುವಿನ ರಕ್ತದಲ್ಲಿ ಶಕ್ತಿಯೇ ಇಲ್ಲವಂತೆ, ಅರ್ಧದಷ್ಟೂ ಇಲ್ಲ” ಎಂದು ಅಳತೊಡಗಿದಳು. ಹಿರಿಯರೊಬ್ಬರು ನಜರ್ ತಗಲಿದೆ ಎಂದರು. ಇನ್ನೊಬ್ಬರು ತಾಯಿಯ ಹಾಲಿನಲ್ಲೇ ಸತ್ವವಿಲ್ಲ, ಡಬ್ಬಿ ಹಾಲು ಕೊಡಿ ಎಂದರು. ಬಾಣಂತನದಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಆ ಹುಡುಗಿಗೆ ಈ ಎರಡನೆಯ ಮಾತು ವರದಿಗಿಂತಲೂ ಹೆಚ್ಚು ನೋವು ಕೊಟ್ಟಿತು.

ಹಿರಿಯ ಮಕ್ಕಳ ತಜ್ಞರೊಬ್ಬರ ಬಳಿಗೆ ಅವಳ ಜೊತೆ ನಾನೂ ಹೋದೆ. ಅವರು ವರದಿ ನೋಡುವ ಮೊದಲು ಮಗುವನ್ನು ನೋಡಿದರು, ತೂಕ ಹಾಕಿದರು. ಹುಟ್ಟುವಾಗ 3 ಕಿಲೋ ಇದ್ದ ಮಗು ಏಳೂವರೆ ಕಿಲೋ ಆಗಿತ್ತು. ಆಮೇಲೆ ವರದಿ ಓದಿ, “ಈ ವಯಸ್ಸಿಗೆ ಇದು ಸರಿಯಾಗಿಯೇ ಇದೆಯಮ್ಮ. ಇಲ್ಲಿ ಅಚ್ಚಾಗಿರುವ ಮಟ್ಟ ದೊಡ್ಡವರದ್ದು” ಎಂದರು. ಒಂದನೇ ತರಗತಿಯ ಮಗುವಿನ ಉತ್ತರ ಪತ್ರಿಕೆಯನ್ನು ಬಿ.ಎ. ಪರೀಕ್ಷೆಯ ಅಂಕಪಟ್ಟಿಯಿಟ್ಟು ತಿದ್ದಿದರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗಿತ್ತು.

ಹಾಗಾದರೆ ಈ ಪ್ರತಿಕಾಯಗಳು ಯಾವುವು? ರೋಗಾಣುಗಳು ದೇಹವನ್ನು ಹೊಕ್ಕಾಗ ಅವುಗಳನ್ನು ಗುರುತಿಸಿ, ಅಂಟಿಕೊಂಡು, ನಿಷ್ಕ್ರಿಯಗೊಳಿಸಲು ದೇಹವೇ ತಯಾರಿಸುವ ಪ್ರೋಟೀನುಗಳಿವು. 1890ರಲ್ಲಿ ಜರ್ಮನಿಯಲ್ಲಿ ಎಮಿಲ್ ಫಾನ್ ಬೆಹ್ರಿಂಗ್ ಮತ್ತು ಜಪಾನಿನ ಕಿತಾಸಾಟೊ ಎಂಬ ವಿಜ್ಞಾನಿಗಳು ಒಂದು ಪ್ರಾಣಿಯ ರಕ್ತದ್ರವ ಇನ್ನೊಂದು ಪ್ರಾಣಿಯನ್ನು ಧನುರ್ವಾಯುವಿನ ವಿಷದಿಂದ ಕಾಪಾಡಬಲ್ಲದೆಂದು ತೋರಿಸಿದರು. ಆ ರಕ್ಷಣೆ ರಕ್ತದ ಯಾವ ಭಾಗದಲ್ಲಿದೆ ಎಂಬುದು ತಿಳಿಯಲು ಮತ್ತೆ ಸುಮಾರು ಐವತ್ತು ವರ್ಷ ಬೇಕಾಯಿತು. ಸ್ವೀಡನ್ನಿನ ಟಿಸೇಲಿಯಸ್ ರಕ್ತದ ಪ್ರೋಟೀನುಗಳನ್ನು ವಿದ್ಯುತ್ ಹರಿಸಿ ಬೇರ್ಪಡಿಸುವ ಉಪಕರಣವನ್ನು ರೂಪಿಸಿದರು. ಪ್ರತಿಕಾಯಗಳು ಗಾಮಾ ಗ್ಲಾಬ್ಯುಲಿನ್ ಎಂಬ ಭಾಗದಲ್ಲಿವೆ ಎಂದು 1939ರಲ್ಲಿ ಅವರು ಮತ್ತು ಅಮೆರಿಕದ ಕಬಾಟ್ ತೋರಿಸಿಕೊಟ್ಟರು. ಹೀಗಾಗಿ ಇವುಗಳಿಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಹೆಸರೂ ಇದೆ. ವರದಿಗಳಲ್ಲಿ ಕಾಣುವ ‘ಐಜಿ’ ಎಂಬುದು ಆ ಹೆಸರಿನ ಸಂಕ್ಷಿಪ್ತ ರೂಪ.

ಇವುಗಳಲ್ಲಿ ಐದು ಬಗೆ. ರಕ್ತದಲ್ಲಿ ಹೆಚ್ಚಿರುವುದು ಐಜಿಜಿ, ಒಟ್ಟು ಪ್ರತಿಕಾಯಗಳ ಮುಕ್ಕಾಲು ಪಾಲು ಅದೇ. ಹೊಸ ಸೋಂಕು ತಗಲಿದಾಗ ಮೊದಲು ಎದ್ದು ಬರುವುದು ಐಜಿಎಂ. ಬಾಯಿ, ಮೂಗು, ಕರುಳಿನ ಒಳಪದರಗಳಲ್ಲಿ ಮತ್ತು ತಾಯಿಯ ಹಾಲಿನಲ್ಲಿ ಕಾವಲು ನಿಲ್ಲುವುದು ಐಜಿಎ. ಅಲರ್ಜಿ, ಉಬ್ಬಸ, ಹೊಟ್ಟೆಹುಳುಗಳಿದ್ದಾಗ ಏರುವುದು ಐಜಿಇ. ಐದನೆಯದಾದ ಐಜಿಡಿ ತೀರಾ ಅಲ್ಪ, ಅದನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ.

ಮಗುವಿನ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇಲ್ಲಿದೆ. ಮಗು ಗರ್ಭದಲ್ಲಿರುವಾಗ ತಾಯಿಯ ಐಜಿಜಿ ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಹರಿಯುತ್ತದೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಹೆಚ್ಚು. ಆದ್ದರಿಂದ ತಿಂಗಳು ತುಂಬಿ ಹುಟ್ಟಿದ ಶಿಶುವಿನಲ್ಲಿ ಐಜಿಜಿ ತಾಯಿಯಷ್ಟೇ, ಕೆಲವೊಮ್ಮೆ ತುಸು ಹೆಚ್ಚೇ ಇರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಕಡಿಮೆ. ಗರ್ಭಿಣಿಗೆ ಧನುರ್ವಾಯುವಿನ ಲಸಿಕೆ ಕೊಡುವುದರ ಹಿಂದಿರುವ ಮರ್ಮವೂ ಇದೇ. ತಾಯಿಯಲ್ಲಿ ಹುಟ್ಟಿದ ಪ್ರತಿಕಾಯ ಮಗುವನ್ನು ಕಾಯುತ್ತದೆ. ನವಜಾತ ಶಿಶುಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೃಢಪಡಿಸಿತು. ಅದರಲ್ಲಿ ಈ ಲಸಿಕೆಯ ಪಾಲು ದೊಡ್ಡದು.

ಆದರೆ ತಾಯಿಯಿಂದ ಬಂದ ಈ ಬುತ್ತಿ ಶಾಶ್ವತವಲ್ಲ. ಐಜಿಜಿ ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಅತ್ತ ಬುತ್ತಿ ಖಾಲಿಯಾಗುತ್ತಿರುವಾಗ ಇತ್ತ ಮಗು ತನ್ನದೇ ಪ್ರತಿಕಾಯಗಳನ್ನು ತಯಾರಿಸಲು ನಿಧಾನವಾಗಿ ಕಲಿಯುತ್ತಿರುತ್ತದೆ. ಹೀಗಾಗಿ ಮೂರರಿಂದ ಆರು ತಿಂಗಳ ನಡುವೆ ಪ್ರತಿಯೊಂದು ಆರೋಗ್ಯವಂತ ಮಗುವಿನಲ್ಲೂ ಐಜಿಜಿ ಅತ್ಯಂತ ಕೆಳಮಟ್ಟಕ್ಕಿಳಿಯುತ್ತದೆ. ಇದು ರೋಗವಲ್ಲ, ಬೆಳವಣಿಗೆಯ ಒಂದು ಹಂತ.

ಅಂಕಿಗಳನ್ನು ನೋಡೋಣ. ಇವೆಲ್ಲ 100 ಮಿಲಿಲೀಟರ್ ರಕ್ತದ್ರವದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ವೈದ್ಯರು ಬಳಸುವ ಒಂದು ಪಟ್ಟಿಯ ಪ್ರಕಾರ ಐಜಿಜಿ ಮೂರು ತಿಂಗಳ ಮಗುವಿನಲ್ಲಿ ಸುಮಾರು 175ರಿಂದ 580 ಇರಬಹುದು. ಆರು ತಿಂಗಳಲ್ಲಿ 215ರಿಂದ 700, ಒಂದು ವರ್ಷದಲ್ಲಿ 345ರಿಂದ 1200, ನಾಲ್ಕೈದು ವರ್ಷದಲ್ಲಿ 460ರಿಂದ 1230. ಆರರಿಂದ ಎಂಟು ವರ್ಷದ ಹೊತ್ತಿಗೆ ಅದು ದೊಡ್ಡವರ ಮಟ್ಟದ ಹತ್ತಿರ ಬರುತ್ತದೆ. ಐಜಿಎಂ ಬೇಗ ಬೆಳೆದು, ಒಂದೆರಡು ವರ್ಷದಲ್ಲೇ ದೊಡ್ಡವರ ಮಟ್ಟವನ್ನು ಸಮೀಪಿಸುತ್ತದೆ. ಐಜಿಎ ಮಾತ್ರ ತೀರಾ ನಿಧಾನ. ಹುಟ್ಟುವಾಗ ರಕ್ತದಲ್ಲಿ ಅದು ಇಲ್ಲವೆಂಬಷ್ಟು ಅಲ್ಪ, ದೊಡ್ಡವರ ಮಟ್ಟಕ್ಕೆ ಬರಲು ಹದಿಹರೆಯದವರೆಗೂ ಕಾಯಬೇಕು. ಈ ಕೊರತೆಯನ್ನು ತುಂಬುವುದು ತಾಯಿಯ ಹಾಲು. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ಐಜಿಎ ಸಮೃದ್ಧವಾಗಿದ್ದು, ಅದು ಮಗುವಿನ ಬಾಯಿ ಮತ್ತು ಕರುಳನ್ನು ಕಾಯುತ್ತದೆ. ನನ್ನ ನಾದಿನಿಗೆ ಆ ವೈದ್ಯರು ಹೇಳಿದ ಕೊನೆಯ ಮಾತು, “ಹಾಲು ನಿಲ್ಲಿಸಬೇಡ, ಅದೇ ಅವನ ಕಾವಲು.” ಮನೆಯವರ ಮುಂದೆ ಈ ಮಾತನ್ನು ನಾನು ಎರಡು ಬಾರಿ ಹೇಳಿದೆ.

ಈ ‘ಸಾಮಾನ್ಯ ಮಟ್ಟ’ವನ್ನು ಯಾರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆ ನಿಮಗೂ ಬರಬಹುದು. ಅದರ ಕ್ರಮ ಸರಳ. ಆರೋಗ್ಯವಾಗಿರುವ ಅನೇಕರ ರಕ್ತ ಪಡೆದು ಅಳೆಯುತ್ತಾರೆ. ಬಂದ ಅಂಕಿಗಳನ್ನು ಸಾಲಾಗಿ ಜೋಡಿಸಿ, ಅತಿ ಕೆಳಗಿನ ಶೇಕಡಾ ಎರಡೂವರೆ ಮತ್ತು ಅತಿ ಮೇಲಿನ ಶೇಕಡಾ ಎರಡೂವರೆ ಭಾಗವನ್ನು ಬಿಟ್ಟು, ನಡುವಿನ ಶೇಕಡಾ 95ನ್ನು ಸಾಮಾನ್ಯ ಮಟ್ಟ ಎನ್ನುತ್ತಾರೆ. ಇದರ ಅರ್ಥವೇನು? ಪೂರ್ಣ ಆರೋಗ್ಯವಂತರಾದ 20 ಜನರಲ್ಲಿ ಒಬ್ಬರ ಅಂಕಿ ಈ ಗೆರೆಯ ಹೊರಗೇ ಇರುತ್ತದೆ. ಗೆರೆ ತುಸು ದಾಟಿದ ಮಾತ್ರಕ್ಕೆ ರೋಗವೆಂದಾಗದು. ಗೆರೆಯ ಒಳಗಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದೂ ಆಗದು.

ದೊಡ್ಡವರಿಗೆ ಇಂತಹ ಪಟ್ಟಿ ತಯಾರಿಸುವುದು ಕಷ್ಟವಲ್ಲ. ಮಕ್ಕಳಿಗಾದರೆ ಒಂದೊಂದು ವಯಸ್ಸಿಗೂ ಬೇರೆ ಪಟ್ಟಿ ಬೇಕು, ಒಂದೊಂದು ಗುಂಪಿಗೂ ಕನಿಷ್ಠ 120 ಆರೋಗ್ಯವಂತ ಮಕ್ಕಳ ರಕ್ತ ಬೇಕೆಂಬುದು ಪ್ರಯೋಗಾಲಯ ತಜ್ಞರ ನಿಯಮ. ಚೆನ್ನಾಗಿ ಆಡಿಕೊಂಡಿರುವ ಮಗುವಿನ ತೋಳಿಗೆ ಸೂಜಿ ಚುಚ್ಚಿಸಲು ಯಾವ ತಾಯಿ ಒಪ್ಪುತ್ತಾಳೆ? ಕೆನಡಾದ ಟೊರಾಂಟೊ ನಗರದ ಸಿಕ್‌ಕಿಡ್ಸ್ ಮಕ್ಕಳ ಆಸ್ಪತ್ರೆಯವರು ‘ಕ್ಯಾಲಿಪರ್’ ಎಂಬ ಯೋಜನೆಯಲ್ಲಿ ಸಾವಿರಾರು ಆರೋಗ್ಯವಂತ ಮಕ್ಕಳ ರಕ್ತ ಸಂಗ್ರಹಿಸಿ ವಯಸ್ಸಿಗೆ ತಕ್ಕ ಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ಅದಕ್ಕೆ ಒಪ್ಪಿದ ತಂದೆತಾಯಿಯರಿಗೆ ಅದರಿಂದ ಸ್ವಂತ ಲಾಭವೇನೂ ಇರಲಿಲ್ಲ.

ಅಳೆಯುವ ವಿಧಾನವೂ ಕುತೂಹಲಕರ. 1965ರಲ್ಲಿ ಮಾನ್ಚಿನಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ಜೆಲ್ಲಿಯಂತಹ ತಟ್ಟೆಯಲ್ಲಿ ರಕ್ತದ್ರವವನ್ನಿಟ್ಟು, ಸುತ್ತ ಮೂಡುವ ಬಿಳಿಯ ಉಂಗುರದ ಅಗಲವನ್ನು ಅಳೆಯಬೇಕಿತ್ತು. ಅದಕ್ಕೆ ದಿನಗಟ್ಟಲೆ ಕಾಯಬೇಕು. ಈಗಿನ ಯಂತ್ರಗಳಲ್ಲಿ ರಕ್ತದ್ರವಕ್ಕೆ ಐಜಿಜಿಯನ್ನು ಹಿಡಿಯುವ ಒಂದು ದ್ರಾವಣವನ್ನು ಸೇರಿಸುತ್ತಾರೆ. ಎರಡೂ ಕೂಡಿದಾಗ, ತಿಳಿನೀರಿಗೆ ಹಾಲಿನ ಹನಿ ಬಿದ್ದಂತೆ ಅದು ಮಬ್ಬಾಗುತ್ತದೆ. ಆ ಮಬ್ಬಿನ ಮೂಲಕ ಬೆಳಕು ಹಾಯಿಸಿ ಅಳೆಯುತ್ತಾರೆ. ಮಬ್ಬು ಹೆಚ್ಚಿದ್ದಷ್ಟೂ ಐಜಿಜಿ ಹೆಚ್ಚು. ಯಂತ್ರ ಮತ್ತು ದ್ರಾವಣ ಬೇರೆಯಾದರೆ ಅಂಕಿಯಲ್ಲೂ ತುಸು ವ್ಯತ್ಯಾಸ ಬರಬಹುದು. ಹೀಗಾಗಿ ಎರಡನೆಯ ಬಾರಿ ಪರೀಕ್ಷಿಸುವುದಿದ್ದರೆ ಅದೇ ಲ್ಯಾಬಿನಲ್ಲಿ ಮಾಡಿಸುವುದು ಲೇಸು.

ಇಷ್ಟು ಓದಿ, “ಹಾಗಾದರೆ ಕಡಿಮೆ ಬಂದರೂ ಚಿಂತೆಯಿಲ್ಲ” ಎಂದು ನೀವು ತೀರ್ಮಾನಿಸಿದರೆ ಅದೂ ಅಪಾಯವೇ. ನನ್ನ ತರಗತಿಯ ಹುಡುಗನ ವಿಷಯ ಹೇಳುತ್ತೇನೆ.

ಅವನು ಎರಡನೇ ತರಗತಿಯಲ್ಲಿದ್ದ. ತಿಂಗಳಲ್ಲಿ ಹತ್ತು ದಿನ ಗೈರುಹಾಜರು. ಬಂದ ದಿನವೂ ಕಿವಿಯಲ್ಲಿ ಹತ್ತಿ. ಹಾಜರಿ ಪುಸ್ತಕ ತಿರುವಿದಾಗ ಒಂದೇ ವರ್ಷದಲ್ಲಿ ಎರಡು ಬಾರಿ ನ್ಯುಮೋನಿಯಾಕ್ಕಾಗಿ ಆಸ್ಪತ್ರೆ ಸೇರಿದ್ದು ಕಂಡಿತು. ಅವನ ಅಮ್ಮಿಯನ್ನು ಕರೆಸಿ ಮಾತಾಡಿಸಿದೆ. “ಟೀಚರ್, ನಮ್ಮ ವಂಶದ ಗಂಡು ಮಕ್ಕಳೇ ಹೀಗೆ. ನನ್ನ ತಮ್ಮನೂ ಚಿಕ್ಕವನಿದ್ದಾಗ ಇದೇ ರೀತಿ ಜ್ವರ, ಕೆಮ್ಮು ಬಂದು ತೀರಿಕೊಂಡ” ಎಂದರು. ಆ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ ಎಂದೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ವೈದ್ಯರು ಹುಡುಗನ ಬಾಯಿ ತೆರೆಸಿ ನೋಡಿದರೆ, ಆ ವಯಸ್ಸಿನ ಮಕ್ಕಳಲ್ಲಿ ಎದ್ದು ಕಾಣಬೇಕಾದ ಟಾನ್ಸಿಲ್ ಕಾಣಲೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಐಜಿಜಿ 100ಕ್ಕಿಂತಲೂ ಕೆಳಗಿತ್ತು. ಏಳು ವರ್ಷದ ಮಗುವಿನಲ್ಲಿ ಅದು 600ರ ಮೇಲಿರಬೇಕು. ಐಜಿಎ, ಐಜಿಎಂ ಎರಡೂ ಅತ್ಯಲ್ಪ. ತಾಯಿಯ ಮೂಲಕ ಗಂಡು ಮಕ್ಕಳಿಗೆ ಬರುವ ಹುಟ್ಟಿನ ಕೊರತೆಯದು.

ಈ ಕೊರತೆಯನ್ನು ಮೊದಲು ಗುರುತಿಸಿದವರು ಅಮೆರಿಕದ ಸೇನಾ ವೈದ್ಯ ಕರ್ನಲ್ ಆಗ್ಡನ್ ಬ್ರೂಟನ್. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ ಬರುತ್ತಿದ್ದ ಎಂಟು ವರ್ಷದ ಹುಡುಗನೊಬ್ಬನಿಗೆ ಮತ್ತೆ ಮತ್ತೆ ರಕ್ತಕ್ಕೇ ಸೋಂಕು ತಗಲುತ್ತಿತ್ತು. ಟಿಸೇಲಿಯಸ್ ವಿಧಾನದಲ್ಲಿ ಅವನ ರಕ್ತ ಪರೀಕ್ಷಿಸಿದಾಗ ಗಾಮಾ ಗ್ಲಾಬ್ಯುಲಿನ್ ಇರಬೇಕಾದ ಜಾಗ ಬರಿದಾಗಿತ್ತು. ಬ್ರೂಟನ್ ಅವನಿಗೆ ಇತರರ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ನನ್ನು ತಿಂಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಟ್ಟರು, ಸೋಂಕುಗಳು ದೂರವಾದವು. 1952ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇದಕ್ಕೆ ಕಾರಣವಾದ ಜೀನ್ 1993ರಲ್ಲಿ ಪತ್ತೆಯಾಯಿತು, ಅದಕ್ಕೆ ಬ್ರೂಟನ್ ಹೆಸರನ್ನೇ ಇಟ್ಟಿದ್ದಾರೆ. ಅಳತೆಯೊಂದು ಜೀವ ಉಳಿಸಿದ ಕಥೆಯಿದು.

ಹಾಗಾದರೆ ಯಾವಾಗ ಎಚ್ಚರಗೊಳ್ಳಬೇಕು? ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿ ಬರುವುದು ಸಹಜ. ಅದಕ್ಕಾಗಿ ಈ ಪರೀಕ್ಷೆ ಬೇಡ. ಇಂತಹದೇ ಕೊರತೆಯಿಂದ ಮಗನನ್ನು ಕಳೆದುಕೊಂಡ ದಂಪತಿಗಳು 1987ರಲ್ಲಿ ಅಮೆರಿಕದಲ್ಲಿ ಜೆಫ್ರಿ ಮಾಡೆಲ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಆ ಸಂಸ್ಥೆ ಹತ್ತು ಎಚ್ಚರಿಕೆಯ ಲಕ್ಷಣಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮುಖ್ಯವಾದವು ಇವು: ವರ್ಷದಲ್ಲಿ ನಾಲ್ಕು ಅಥವಾ ಹೆಚ್ಚು ಬಾರಿ ಕಿವಿಯ ಸೋಂಕು, ವರ್ಷದಲ್ಲಿ ಎರಡು ಬಾರಿ ನ್ಯುಮೋನಿಯಾ, ಎರಡು ತಿಂಗಳು ಆಂಟಿಬಯೋಟಿಕ್ ಕೊಟ್ಟರೂ ಗುಣವಾಗದಿರುವುದು, ಮಗುವಿನ ತೂಕ ಮತ್ತು ಎತ್ತರ ಏರದಿರುವುದು, ಮತ್ತೆ ಮತ್ತೆ ಆಳವಾದ ಕೀವುಗುಳ್ಳೆಗಳು, ವರ್ಷ ದಾಟಿದ ಮೇಲೂ ಬಾಯಲ್ಲಿ ಬಿಳಿ ಅಗ್ರ ನಿಲ್ಲುವುದು, ಕುಟುಂಬದಲ್ಲಿ ಇಂತಹ ಕೊರತೆಯ ಇತಿಹಾಸ. ಇವುಗಳಲ್ಲಿ ಎರಡು ಕಂಡರೂ ಮಕ್ಕಳ ತಜ್ಞರನ್ನು ನೋಡಿ. ನಜರ್ ತೆಗೆಯುತ್ತ, ತಾಯತ ಕಟ್ಟುತ್ತ ದಿನ ಕಳೆಯಬೇಡಿ.

ದೊಡ್ಡವರ ವಿಷಯಕ್ಕೂ ಒಂದೆರಡು ಮಾತು. ವಯಸ್ಕರಲ್ಲಿ ಸಾಮಾನ್ಯವಾಗಿ ಐಜಿಜಿ 700ರಿಂದ 1600, ಐಜಿಎ 70ರಿಂದ 400, ಐಜಿಎಂ 40ರಿಂದ 230ರಷ್ಟು ಇರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ, ದೀರ್ಘಕಾಲದ ಸ್ಟೀರಾಯ್ಡ್, ಕೆಲವು ರಕ್ತದ ಕ್ಯಾನ್ಸರ್‌ಗಳು ಐಜಿಜಿಯನ್ನು ಕಡಿಮೆ ಮಾಡುತ್ತವೆ. ದೀರ್ಘಕಾಲದ ಸೋಂಕು ಮತ್ತು ಲಿವರ್ ಕಾಯಿಲೆ ಅದನ್ನು ಹೆಚ್ಚಿಸುತ್ತವೆ. ವಯಸ್ಸಾದವರಲ್ಲಿ ಒಂದೇ ಬಗೆಯ ಪ್ರತಿಕಾಯ ವಿಪರೀತ ಏರಿದ್ದರೆ ಮೂಳೆಮಜ್ಜೆಯ ಒಂದು ಕ್ಯಾನ್ಸರ್ ಇದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಇನ್ನು, ಐಜಿಎ ಮಾತ್ರ ಇಲ್ಲದ ಅನೇಕರು ಜೀವಮಾನವಿಡೀ ಯಾವ ತೊಂದರೆಯೂ ಇಲ್ಲದೆ ಬದುಕುತ್ತಾರೆ. 2020-21ರ ಕೊರೋನಾ ಕಾಲದಲ್ಲಿ ಹಲವರು ಮಾಡಿಸಿಕೊಂಡ ಆಂಟಿಬಾಡಿ ಟೆಸ್ಟ್ ಬೇರೆ, ಇದು ಬೇರೆ. ಅದು ಒಂದು ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನು ಮಾತ್ರ ನೋಡುತ್ತಿತ್ತು, ಇದು ಎಲ್ಲದರ ಒಟ್ಟು ಲೆಕ್ಕ.

ಆದ್ದರಿಂದ ಸಹೋದರಿಯರೇ, ವರದಿ ಕೈಗೆ ಬಂದಾಗ ಮೂರು ವಿಷಯ ನೋಡಿ. ಮೊದಲನೆಯದು, ಅಚ್ಚಾಗಿರುವ ಸಾಮಾನ್ಯ ಮಟ್ಟ ನಿಮ್ಮ ಮಗುವಿನ ವಯಸ್ಸಿನದೇ? ಇಲ್ಲದಿದ್ದರೆ ಲ್ಯಾಬಿನವರನ್ನು ಕೇಳಿ, ಕೇಳುವುದು ನಿಮ್ಮ ಹಕ್ಕು. ಎರಡನೆಯದು, ಅಳತೆಯ ಮಾನ ಯಾವುದು? ಕೆಲವು ಲ್ಯಾಬುಗಳು ಒಂದು ಲೀಟರಿಗೆ ಎಷ್ಟು ಗ್ರಾಂ ಎಂದು ಬರೆಯುತ್ತವೆ. ಆಗ 700 ಎಂಬುದು 7 ಆಗಿ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಮೂರನೆಯದು, ಮಗು ಹೇಗಿದೆ? ತಿನ್ನುತ್ತಿದೆಯೇ, ಬೆಳೆಯುತ್ತಿದೆಯೇ, ಆಡುತ್ತಿದೆಯೇ? ಕಾಗದದ ಮೇಲಿನ ಅಂಕಿ ಮತ್ತು ಎದುರಿಗಿರುವ ಮಗು, ಎರಡನ್ನೂ ಒಟ್ಟಿಗೆ ನೋಡುವವರೇ ಒಳ್ಳೆಯ ವೈದ್ಯರು. ಲಸಿಕೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಕೊರತೆ ಖಚಿತವಾದ ಮಕ್ಕಳಿಗೆ ಯಾವ ಲಸಿಕೆ ಬೇಕು, ಯಾವುದು ಬೇಡ ಎಂಬುದನ್ನು ವೈದ್ಯರೇ ಹೇಳುತ್ತಾರೆ.

ನನ್ನ ವಿದ್ಯಾರ್ಥಿಗೆ ಈಗ ಮೂರ್ನಾಲ್ಕು ವಾರಕ್ಕೊಮ್ಮೆ ಇಮ್ಯುನೋಗ್ಲಾಬ್ಯುಲಿನ್ ಹನಿಹನಿಯಾಗಿ ರಕ್ತನಾಳಕ್ಕೆ ಹೋಗುತ್ತದೆ. ಜೀವಮಾನವಿಡೀ ಬೇಕಾಗುವ ದುಬಾರಿ ಔಷಧ ಅದು. ಆಟೋ ಓಡಿಸುವ ಅವನ ತಂದೆ ಮೊದಲ ತಿಂಗಳು ಹೆಂಡತಿಯ ಒಡವೆ ಅಡವಿಟ್ಟರು. ಇಂತಹ ಹುಟ್ಟಿನ ಕೊರತೆಗಳು ಕೇಂದ್ರ ಸರಕಾರದ 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಸೇರಿವೆ. ಗೊತ್ತುಪಡಿಸಿದ ಕೇಂದ್ರಗಳ ಮೂಲಕ ನೆರವಿಗೆ ಅರ್ಜಿ ಹಾಕಬಹುದು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಜೊತೆಗೂಡಿ ಅಂತಹ ಒಂದು ಕೇಂದ್ರವಾಗಿವೆ. ಇದು ಗೊತ್ತಿಲ್ಲದೆ ಚಿಕಿತ್ಸೆ ನಿಲ್ಲಿಸುವ ಮನೆಗಳಿರಬಹುದು, ದಯವಿಟ್ಟು ಅವರಿಗೆ ತಿಳಿಸಿ.

ಆ ಔಷಧವನ್ನು ಕಾರ್ಖಾನೆಯ ರಾಸಾಯನಿಕಗಳಿಂದ ತಯಾರಿಸಲಾಗದು. ಅದು ಬರುವುದು ಮನುಷ್ಯರ ರಕ್ತದ ಪ್ಲಾಸ್ಮಾದಿಂದ. ಅದರ ಒಂದೊಂದು ತಂಡದಲ್ಲೂ ಸಾವಿರಕ್ಕೂ ಹೆಚ್ಚು ದಾನಿಗಳ ಪ್ರತಿಕಾಯಗಳು ಕೂಡಿರುತ್ತವೆ. ಅವರ ಜಾತಿ, ಧರ್ಮ, ಊರು ಯಾವುದೆಂದು ಆ ಹುಡುಗನಿಗೆ ತಿಳಿಯದು. ಅವರಿಗೂ ಇವನ ಹೆಸರು ಗೊತ್ತಿಲ್ಲ. ಅವರೆಲ್ಲರ ದೇಹ ಕಲಿತ ಪಾಠವನ್ನು ಎರವಲು ಪಡೆದು ಅವನು ಬೆಳೆಯುತ್ತಿದ್ದಾನೆ. ಕಳೆದ ವರ್ಷ ಅವನ ಗೈರುಹಾಜರಿ ಒಟ್ಟು ಹದಿನೇಳು ದಿನ, ಅದರಲ್ಲಿ ಹನ್ನೆರಡು ದಿನ ಔಷಧಕ್ಕಾಗಿ ಆಸ್ಪತ್ರೆಗೆ ಹೋದದ್ದು. ನಿಮ್ಮ ಊರಿನಲ್ಲಿ ರಕ್ತದಾನ ಶಿಬಿರ ನಡೆದರೆ, ಆರೋಗ್ಯವಿದ್ದರೆ, ಹೋಗಿ ಬನ್ನಿ.